ಪ್ರಶ್ನಾವಳಿಯಿಂದ ಮನೋರೋಗ ಗೊತ್ತಾಗುತ್ತದೆಯೇ?

ಪ್ರಶ್ನೆ: ಎಂಎಂಪಿಐ ಎಂಬ ವ್ಯಕ್ತಿತ್ವ ಪರೀಕ್ಷೆಯ ಫಲಿತಾಂಶವನ್ನು ಎಷ್ಟು ನಂಬಬಹುದು? (ಓದುಗರೊಬ್ಬರು, ಸಾಗರ)

ಉತ್ತರ: ಸುಳಿವೆಂದು ನಂಬಬಹುದು, ತೀರ್ಪೆಂದು ಅಲ್ಲ. 1943ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಪ್ರಕಟವಾದ ಈ ಪರೀಕ್ಷೆ ‘ಸಹಜ’ ಎಂದು ಹಿಡಿದದ್ದು ಬಹುಪಾಲು ಅಲ್ಲಿನ ಆಸ್ಪತ್ರೆಗೆ ರೋಗಿಗಳನ್ನು ನೋಡಲು ಬಂದವರ ಉತ್ತರಗಳನ್ನು. 1989ರ ಪರಿಷ್ಕೃತ ರೂಪದಲ್ಲಿ 567 ಹೇಳಿಕೆಗಳಿವೆ; ಒಂದೊಂದಕ್ಕೂ ಸರಿ ಅಥವಾ ತಪ್ಪು ಎನ್ನಬೇಕು. ದುಷ್ಟಶಕ್ತಿ ಮೈಮೇಲೆ ಬರುವ ಕುರಿತ ಹೇಳಿಕೆಗೆ ‘ಸರಿ’ ಎಂದರೆ ಅಂಕ ರೋಗದ ಕಡೆ ವಾಲುತ್ತದೆ. ಚೌಡಿ, ಭೂತಗಳಿಗೆ ಪೂಜೆ ಸಲ್ಲುವ ಹೊಸನಗರ, ತೀರ್ಥಹಳ್ಳಿಯ ಊರುಗಳಲ್ಲಿ ಅದೇ ಉತ್ತರ ಬರೀ ನಂಬಿಕೆಯಿರಬಹುದು.

ಹಾಗಾದರೆ ಪರೀಕ್ಷೆಯೇ ದಂಡವೇ? ಅಲ್ಲ. ಅಂಕ ಕಟ್ಟುವುದು ಒಂದು ಉತ್ತರದಿಂದಲ್ಲ, ಹಲವು ಹೇಳಿಕೆಗಳ ಗುಂಪಿನಿಂದ; ತಾವು ತೀರಾ ಸಂಭಾವಿತರೆಂದು ತೋರಿಸಿಕೊಳ್ಳುವವರನ್ನು ಗುರುತಿಸುವ ಮಾಪಕವೂ ಅದರಲ್ಲಿದೆ. ಆದರೆ ಕನ್ನಡಕ್ಕೆ ಅನುವಾದಿಸಿದರಷ್ಟೇ ಸಾಲದು, ಅಳತೆಯನ್ನು ನಮ್ಮ ಜನರ ಉತ್ತರಗಳಿಂದಲೇ ಒರೆಗೆ ಹಚ್ಚಿರಬೇಕು. ರೋಗನಿರ್ಣಯಕ್ಕೆ ವೈದ್ಯರ ಸಂದರ್ಶನ, ಮನೆಯವರು ಕೊಡುವ ವಿವರ ಎರಡೂ ಬೇಕೇ ಬೇಕು.