ಕೊಳ್ಳುವ ಚಪಲವೂ ಫೌಂಟನ್ ಪೆನ್ನೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಉಂಡೆ ಕೊಬ್ಬರಿಯ ಹೆಸರನ್ನು ಕೇಳದವರು ನಮ್ಮ ನಾಡಿನಲ್ಲಿ ವಿರಳ. ಆದರೆ ಅದು ಸಿದ್ಧವಾಗಲು ಎಷ್ಟು ಕಾಲ ಹಿಡಿಯುತ್ತದೆಂಬುದನ್ನು ಎಲ್ಲರೂ ಬಲ್ಲರೆನ್ನುವಂತಿಲ್ಲ. ಹೊಂಬಾಳೆ ಬಿರಿದ ಮೇಲೆ ತೆಂಗಿನ ಕಾಯಿ ಬಲಿಯಲು ಸುಮಾರು 12 ತಿಂಗಳು ಬೇಕು. ಬಲಿತ ಕಾಯನ್ನು ಸುಲಿಯದೆ, ಮಟ್ಟೆಯೊಡನೆಯೇ ಅಟ್ಟಕ್ಕೇರಿಸಿ, ಮತ್ತೆ 8ರಿಂದ 12 ತಿಂಗಳ ಕಾಲ ಹಾಗೆಯೇ ಬಿಡುತ್ತಾರೆ. ಒಳಗಿನ ನೀರು ಕ್ರಮೇಣ ಇಂಗಿ, ತಿರುಳು ಒಣಗಿ ಚಿಪ್ಪಿನಿಂದ ಬೇರ್ಪಡುತ್ತದೆ. ಕಾಯನ್ನು ಅಲುಗಿಸಿದರೆ ಒಳಗೆ ಕೊಬ್ಬರಿ ಉರುಳಾಡುವ ಸದ್ದು ಕೇಳಿಸುತ್ತದೆ. ಸುಲಿದು ಚಿಪ್ಪು ಒಡೆಯುವುದು ಅನಂತರದ ಕೆಲಸ. ಅಂದರೆ, ಈ ವಾರ ತಿಪಟೂರಿನ ಮಾರುಕಟ್ಟೆಯಲ್ಲಿ ಹರಾಜಾದ ಕೊಬ್ಬರಿಯ ಹೊಂಬಾಳೆ ಬಿರಿದದ್ದು ಹೆಚ್ಚುಕಡಮೆ ಎರಡು ವರ್ಷಗಳ ಹಿಂದೆ.

ಇಂತಹ ಮನೆಯ ವಿದ್ಯಾರ್ಥಿಯೊಬ್ಬನನ್ನು ಊಹಿಸಿಕೊಳ್ಳಿ. ಕಾಲೇಜಿಗೆ ಹೋಗಿಬರಲು ಸೈಕಲ್ಲು ಕೊಳ್ಳೆಂದು, ಕೊಬ್ಬರಿ ಮಾರಿದ ದಿನ ತಂದೆ ಅರ್ಧ ಹಣವನ್ನು ಕೊಟ್ಟಿದ್ದಾರೆ. ಉಳಿದರ್ಧ ಐದು ದಿನ ಕಳೆದು ಬರುವುದಿದೆ. ದಾರಿಯ ಅಂಗಡಿಯೊಂದರ ಗಾಜಿನ ಪೆಟ್ಟಿಗೆಯಲ್ಲಿ ಕಡುನೀಲಿ ಬಣ್ಣದ ಫೌಂಟನ್ ಪೆನ್ನೊಂದು ಅವನ ಕಣ್ಣಿಗೆ ಬೀಳುತ್ತದೆ. (ಈಗ ಅಂಗಡಿಯವರೆಗೆ ಹೋಗುವ ಶ್ರಮವೂ ಬೇಕಿಲ್ಲ, ತುರುವೇಕೆರೆಯ ಬಸ್ಸಿನಲ್ಲಿ ಕುಳಿತೇ ಮೊಬೈಲಿನ ಪರದೆಯನ್ನು ಒತ್ತಿದರಾಯಿತು.) ಮನೆಯಲ್ಲಿ ಆಗಲೇ ನಾಲ್ಕು ಪೆನ್ನುಗಳಿವೆ. ಆದರೂ ಐದು ನಿಮಿಷಗಳಲ್ಲಿ ಐದನೆಯದು ಅವನ ಜೇಬನ್ನು ಸೇರುತ್ತದೆ. ಎರಡು ವರ್ಷ ಕಾಯಬಲ್ಲ ಮನೆಯವನಿಗೆ ಐದು ದಿನ ಕಾಯಲಾಗದೆ ಹೋದುದೇಕೆ?

ಅವನಿಗೆ ಬುದ್ಧಿಯಿಲ್ಲವೆಂದು ಬೈದುಬಿಡುವುದು ಸುಲಭ. ಅದರಿಂದ ಏನೂ ತಿಳಿದಂತಾಗುವುದಿಲ್ಲ. ಮನಶ್ಶಾಸ್ತ್ರಜ್ಞರು ಕಂಡುಕೊಂಡಿರುವ ಉತ್ತರವು ಒಂದು ಸಣ್ಣ ಭಾಗಾಕಾರದಲ್ಲಿದೆ. ಮುಂದೆ ದೊರೆಯಲಿರುವ ವಸ್ತುವಿನ ಬೆಲೆ ನಮ್ಮ ಮನಸ್ಸಿಗೆ ಇಂದು ಕಡಮೆಯಾಗಿ ತೋರುವುದು ಸಹಜ. ಎಷ್ಟು ಕಡಮೆ? ಜೇಮ್ಸ್ ಮೇಝರ್ ಎಂಬ ಅಮೆರಿಕದ ವಿಜ್ಞಾನಿ ಪಾರಿವಾಳಗಳ ಮೇಲೆ ಪ್ರಯೋಗ ನಡೆಸಿ 1987ರಲ್ಲಿ ಒಂದು ಸೂತ್ರವನ್ನು ಕೊಟ್ಟನು. ಅದನ್ನು ಸರಳಗೊಳಿಸಿ ಹೇಳುವುದಾದರೆ, ಕಾಯಬೇಕಾದ ದಿನಗಳ ಸಂಖ್ಯೆಗೆ ಒಂದನ್ನು ಕೂಡಿಸಿ, ಅದರಿಂದ ವಸ್ತುವಿನ ಬೆಲೆಯನ್ನು ಭಾಗಿಸಬೇಕು.

ನಮ್ಮ ವಿದ್ಯಾರ್ಥಿಗೆ ಪೆನ್ನಿನ ಬೆಲೆ 4, ಸೈಕಲ್ಲಿನ ಬೆಲೆ 10 ಎಂದಿಟ್ಟುಕೊಳ್ಳೋಣ. ಪೆನ್ನು ಕಣ್ಣಿಗೆ ಬೀಳುವುದಕ್ಕೆ ಇನ್ನೂ 10 ದಿನಗಳಿರುವಾಗ ಸೈಕಲ್ಲಿಗೆ 15 ದಿನ. ಆಗ ಪೆನ್ನಿನ ತೂಕ 4ನ್ನು 11ರಿಂದ ಭಾಗಿಸಿದರೆ ಬರುವ 0.36, ಸೈಕಲ್ಲಿನದು 10ನ್ನು 16ರಿಂದ ಭಾಗಿಸಿದರೆ ಬರುವ 0.63. ಸೈಕಲ್ಲೇ ಮೇಲು, ಅವನನ್ನು ಅಂದು ಕೇಳಿದ್ದರೆ ಹಾಗೆಯೇ ಹೇಳುತ್ತಿದ್ದನು, ಅದೂ ಪ್ರಾಮಾಣಿಕವಾಗಿ. ಈಗ ಗಾಜಿನ ಪೆಟ್ಟಿಗೆಯ ಮುಂದೆ ನಿಲ್ಲಿಸಿ. ಪೆನ್ನಿಗೆ ಕಾಯಬೇಕಾದ ದಿನ ಸೊನ್ನೆ. ಅದರ ತೂಕ ಪೂರ್ತಿ 4. ಸೈಕಲ್ಲಿಗೆ ಐದು ದಿನ. 10ನ್ನು 6ರಿಂದ ಭಾಗಿಸಿದರೆ 1.67 ಮಾತ್ರ! ತಕ್ಕಡಿ ತಿರುಗಿಬಿಟ್ಟಿದೆ. ಲೆಕ್ಕ ಬಿಡಿಸಿ ನೋಡಿದರೆ, ಅದು ತಿರುಗಿದ್ದು ಪೆನ್ನಿಗೆ ಎರಡು ದಿನ ಚಿಲ್ಲರೆ ಉಳಿದಿದ್ದಾಗ. ದಿನವೊಂದಕ್ಕೆ ಇಷ್ಟು ಪಾಲೆಂದು, ಬ್ಯಾಂಕಿನ ಬಡ್ಡಿಯಂತೆ, ಒಂದೇ ಪ್ರಮಾಣದಲ್ಲಿ ಬೆಲೆ ಇಳಿಯುತ್ತಿದ್ದರೆ ಎರಡು ವಸ್ತುಗಳ ಪರಸ್ಪರ ಅನುಪಾತ ಎಂದಿಗೂ ಬದಲಾಗದು, ತಕ್ಕಡಿಯೂ ತಿರುಗದು. ಮನಸ್ಸಿನ ಲೆಕ್ಕ ಬ್ಯಾಂಕಿನದಲ್ಲ. ತೊಂದರೆಯ ಮೂಲ ಅಲ್ಲಿದೆ.

ಪರಿಹಾರವನ್ನೂ ಒಂದು ಪಾರಿವಾಳವೇ ತೋರಿಸಿಕೊಟ್ಟಿತೆಂದರೆ ವಾಚಕರು ನಗಬಾರದು. 1974ರಲ್ಲಿ ಜಾರ್ಜ್ ಏನ್ಸ್‌ಲಿ ಎಂಬುವನು ಪಾರಿವಾಳಗಳ ಮುಂದೆ ಒಂದು ಗುಂಡಿಯನ್ನಿಟ್ಟನು. ಅದು ಕೆಂಪಾದಾಗ ಕುಕ್ಕಿದರೆ ಒಡನೆಯೇ ಸ್ವಲ್ಪ ಕಾಳು. ಕುಕ್ಕದೆ ತಾಳಿದರೆ ತುಸು ಹೊತ್ತಿನಲ್ಲಿ ಹೆಚ್ಚು ಕಾಳು. ಪಕ್ಷಿಗಳು ಬಹುಮಟ್ಟಿಗೆ ಪ್ರತಿಸಲವೂ ಕುಕ್ಕಿಬಿಟ್ಟುವು. ಆದರೆ ಅದಕ್ಕೆ ಮೊದಲು ಗುಂಡಿ ಹಸಿರಾಗಿರುವಾಗಲೇ ಕುಕ್ಕಿದರೆ ಆ ಸಲ ಕೆಂಪು ಬಣ್ಣವೇ ಬಾರದಂತೆ ಏರ್ಪಾಡಿತ್ತು. ಕೆಲವು ಪಾರಿವಾಳಗಳು ಹಸಿರನ್ನು ಕುಕ್ಕಲು ಕಲಿತುವು! ಆಸೆಯ ಎದುರಿನಲ್ಲಿ ಗೆಲ್ಲಲಾರದ ಹಕ್ಕಿ, ಆಸೆ ಎದುರಾಗುವುದನ್ನೇ ತಪ್ಪಿಸಿಕೊಂಡಿತು.

ತೆಂಗಿನ ಸೀಮೆಯ ಅಟ್ಟವೂ ಇಂತಹ ಹಸಿರು ಗುಂಡಿಯೆಂದು ನನ್ನ ಭಾವನೆ. ಆರೇಳು ತಿಂಗಳ ಕಾಯನ್ನು ಎಳನೀರಾಗಿ ಮಾರಿ ಹಣ ಎಣಿಸಿಕೊಳ್ಳಬಹುದು. ಬೆಲೆಯನ್ನು ತೂಗಿನೋಡಿ ಹಾಗೆ ಮಾರುವವರೂ ಉಂಟು. ಅದು ಲೆಕ್ಕಾಚಾರ, ಚಪಲವಲ್ಲ. ಆದರೆ ಬಲಿತು ಅಟ್ಟಕ್ಕೇರಿದ ಕಾಯಿ ಮತ್ತೆ ಎಳನೀರಾಗದು. ರೈತನು ಪ್ರತಿದಿನವೂ ಆಸೆಯೊಡನೆ ಹೋರಾಡಿ ಎರಡು ವರ್ಷ ಕಾಯುವುದಿಲ್ಲ. ಒಮ್ಮೆ ನಿರ್ಧರಿಸುತ್ತಾನೆ, ಉಳಿದದ್ದನ್ನು ಅಟ್ಟ ನೋಡಿಕೊಳ್ಳುತ್ತದೆ. ಅವನ ಮಗನ ಜೇಬಿನ ನೋಟಿಗಾದರೋ ಅಟ್ಟವಿಲ್ಲ.

ಇನ್ನು ಐದನೆಯ ಪೆನ್ನು ಮನೆಗೆ ಬಂದೊಡನೆ ಸಪ್ಪಗಾಗುವುದೇಕೆಂಬ ಪ್ರಶ್ನೆ. ಒಂದು ವಸ್ತು ಬೇಕೆನ್ನಿಸುವುದೂ ಅದು ಹಿಡಿಸುವುದೂ ಒಂದೇ ಎಂದು ನಾವು ಭಾವಿಸುತ್ತೇವೆ. ಮಿಷಿಗನ್ ವಿಶ್ವವಿದ್ಯಾನಿಲಯದ ಕೆಂಟ್ ಬೆರಿಜ್ ಮತ್ತು ಸಂಗಡಿಗರು 1989ರಲ್ಲಿ ಇಲಿಗಳ ಮೆದುಳಿನಲ್ಲಿ ಡೋಪಮೀನ್ ಎಂಬ ರಾಸಾಯನಿಕವನ್ನು ಬಹುತೇಕ ಇಲ್ಲವಾಗಿಸಿದರು. ಅವು ತಾವಾಗಿ ಆಹಾರವನ್ನು ಅರಸಿ ಹೋಗುವುದನ್ನೇ ಬಿಟ್ಟುವು. ಆದರೆ ಸಿಹಿಯನ್ನು ಬಾಯಿಗೆ ಬಿಟ್ಟಾಗ ಎಂದಿನಂತೆ ತುಟಿ ಸವರಿಕೊಂಡುವು. ಹಿಡಿಸುವ ಗುಣ ಉಳಿದಿತ್ತು, ಬೇಕೆನ್ನುವುದು ಹೋಗಿತ್ತು. ಎರಡೂ ಮೆದುಳಿನ ಬೇರೆ ಬೇರೆ ಕಾರ್ಯಗಳು. ಹಾಗಿರುವಾಗ, ಹೆಚ್ಚೇನೂ ಹಿಡಿಸದ ವಸ್ತುವೂ ಬಲವಾಗಿ ಬೇಕೆನ್ನಿಸಬಹುದಷ್ಟೆ. ಪೆನ್ನು ಸಂಗ್ರಹಿಸುವವರಲ್ಲಿ ಅನೇಕರಿಗೆ ಹುಡುಕಾಟದ ಸುಖ ದೊಡ್ಡದು, ಬರೆಯುವ ಸುಖ ಚಿಕ್ಕದು.

ಮನೆಗೆ ಬಂದದ್ದನ್ನು ಬಿಟ್ಟುಕೊಡುವುದೂ ಸುಲಭವಲ್ಲ. ಕಾನಮನ್, ನೆಟ್ಷ್, ಥೇಲರ್ ಎಂಬ ಮೂವರು 1990ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯದ ಅರ್ಧದಷ್ಟು ವಿದ್ಯಾರ್ಥಿಗಳಿಗೆ ಕಾಫಿ ಲೋಟಗಳನ್ನು ಹಂಚಿ, ಇಷ್ಟವಿದ್ದರೆ ಉಳಿದವರಿಗೆ ಮಾರಬಹುದೆಂದರು. ಲೋಟ ದೊರೆತವರು ಕೇಳಿದ ಬೆಲೆ, ದೊರೆಯದವರು ಕೊಡಲೊಪ್ಪಿದ ಬೆಲೆಯ ಸುಮಾರು ಎರಡರಷ್ಟಿತ್ತು. ಬಾಲ್‌ಪಾಯಿಂಟ್ ಪೆನ್ನುಗಳನ್ನು ಹಂಚಿ ನೋಡಿದಾಗಲೂ ನಡೆದ ಮಾರಾಟ ನಿರೀಕ್ಷೆಗಿಂತ ಬಹಳ ಕಡಮೆ.

ಹಾಗೆಂದು ಸಂಗ್ರಹಕಾರರೆಲ್ಲರೂ ಚಪಲಚಿತ್ತರಲ್ಲ. ಕೆ. ವಿ. ರತ್ನಂ ಅವರು 1930ರ ದಶಕದಲ್ಲಿ ರಾಜಮಹೇಂದ್ರಿಯಲ್ಲಿ ತಯಾರಿಸಲಾರಂಭಿಸಿದಂತಹ ಸ್ವದೇಶಿ ಎಬೊನೈಟ್ ಪೆನ್ನುಗಳನ್ನು ಮಾತ್ರ ಕೂಡಿಸುವೆನೆಂದು ಮೊದಲೇ ಗೊತ್ತುಮಾಡಿಕೊಂಡವನು ಗಾಜಿನ ಪೆಟ್ಟಿಗೆಯ ಮುಂದೆ ನಿರಾತಂಕವಾಗಿ ಹಾದುಹೋಗಬಲ್ಲ. ಅವನು ಹಸಿರು ಗುಂಡಿಯನ್ನು ಕುಕ್ಕಿ ಬಂದವನು.

ಅವನಿಗೂ ಒಂದು ಕಟ್ಟು ಉಂಟು; ಅದನ್ನು ವಿಧಿಸುವುದು ಭೌತಶಾಸ್ತ್ರ. 1884ರಲ್ಲಿ ಲೂಯಿ ವಾಟರ್‌ಮನ್ ಪೇಟೆಂಟ್ ಪಡೆದ ಪೆನ್ನಿನಲ್ಲಿ ಮುಳ್ಳಿನ ಕೆಳಗಿನ ನಾಲಗೆಯಲ್ಲಿ ಕೂದಲೆಳೆಯಂತಹ ಗೀರುಗಳಿದ್ದುವು. ಕೇಶಾಕರ್ಷಣದಿಂದ ಮಸಿ ಆ ಗೀರುಗಳಲ್ಲಿ ಹರಿದು ಮುಳ್ಳಿನ ಸೀಳಿಗೂ ಅಲ್ಲಿಂದ ಕಾಗದಕ್ಕೂ ಇಳಿಯುತ್ತದೆ. ಇಳಿದ ಮಸಿಯ ಸ್ಥಳಕ್ಕೆ ಅದೇ ದಾರಿಯಲ್ಲಿ ಗಾಳಿ ಒಳಗೆ ಸೇರುತ್ತದೆ. ಇಂದಿನ ಪೆನ್ನುಗಳೂ ಇದೇ ತತ್ತ್ವವನ್ನು ಅನುಸರಿಸುತ್ತವೆ. ಬರೆಯದೆ ಇಟ್ಟ ಪೆನ್ನಿನಲ್ಲಿ ನೀರು ಆವಿಯಾಗಿ ಹೋಗಿ, ಬಣ್ಣದ ಅಂಶ ಗೀರುಗಳಲ್ಲೇ ಗಟ್ಟಿಯಾಗಿ ದಾರಿ ಕಟ್ಟಿಕೊಳ್ಳುತ್ತದೆ. ಆದಕಾರಣ ಮೂವತ್ತು ಪೆನ್ನುಗಳುಳ್ಳ ಅನುಭವಿಯೂ ಎರಡು ಮೂರಕ್ಕೆ ಮಾತ್ರ ಮಸಿ ತುಂಬಿಸಿ, ಉಳಿದುವನ್ನು ತಣ್ಣೀರಿನಲ್ಲಿ ತೊಳೆದು ಒಣಗಿಸಿ ಪೆಟ್ಟಿಗೆಯಲ್ಲಿಡುತ್ತಾನೆ.