ಹೆಬ್ಬಾಗಿಲ ನಡುವೆ ಎರಡು ಸೈಕಲ್

ಮಂಡಿ ಆಪರೇಷನ್ ಆದ ಮೇಲೆ ನಾನು ಸೈಕಲ್ ಮುಟ್ಟಿರಲಿಲ್ಲ. ‘ತಾತ, ಹಂಪಿಯಲ್ಲಿ ಸೈಕಲ್ ಹೊಡೆಯೋಣ’ ಎಂದು ಐದನೇ ತರಗತಿಯ ಮೊಮ್ಮಗಳು ಹಟ ಹಿಡಿದಳು. ಡಾಕ್ಟರನ್ನು ಕೇಳಿ, ಅಜ್ಜಿಗೆ ಅರ್ಧ ಮಾತ್ರ ಹೇಳಿ ಹೊರಟೆ.

ಬೆಳಿಗ್ಗೆ ಆರೂವರೆ. ಬಾಡಿಗೆ ಸೈಕಲ್ ಎರಡು. ಹೇಮಕೂಟದ ಪಕ್ಕದ ಏರಿನಲ್ಲೇ ನಾನು ಇಳಿದು ತಳ್ಳಬೇಕಾಯಿತು. ಮೇಲೆ ಕೃಷ್ಣ ದೇವಾಲಯ. ಉದಯಗಿರಿ ಗೆದ್ದ ನೆನಪಿಗೆ ಕೃಷ್ಣದೇವರಾಯ ಕಟ್ಟಿಸಿದ್ದು. ಸ್ವಲ್ಪ ಮುಂದೆ ಉಗ್ರನರಸಿಂಹ. 1528ರಲ್ಲಿ ಒಂದೇ ಬಂಡೆಯಲ್ಲಿ ಕಡೆದ, ಸುಮಾರು 22 ಅಡಿ ಎತ್ತರದ ಮೂರ್ತಿ.

ನನಗೆ ಹೆಚ್ಚು ಹಿಡಿಸಿದ್ದು ಕಾಲುವೆ. 1565ರಲ್ಲಿ ಪಟ್ಟಣ ಹಾಳಾಯಿತು. ಅರಸರ ಕಾಲದ ಕಾಲುವೆಯ ನೀರು ಮಾತ್ರ ಇಂದಿಗೂ ಬಾಳೆ ತೋಟಗಳಿಗೆ ಹರಿಯುತ್ತಿದೆ. ಆ ತಣ್ಣೀರನ್ನು ಮಂಡಿಗೆ ಹಚ್ಚಿಕೊಂಡೆ.

ಕಮಲಾಪುರದ ಕಡೆಯಿಂದ ಆನೆಗೊಂದಿ ದಾರಿ ಹಿಡಿದೆವು. ತಳವಾರಘಟ್ಟದ ಹಳೆಯ ಹೆಬ್ಬಾಗಿಲ ನಡುವೆಯೇ ರಸ್ತೆ ಹಾದುಹೋಗುತ್ತದೆ. ಬೆಲ್ ಬಾರಿಸುತ್ತ ಒಳಹೊಕ್ಕೆವು. ‘ಕಾವಲುಗಾರರು ಸುಂಕ ಕೇಳ್ತಾರಾ ತಾತ?’ ಎಂದಳು.

ತುಂಗಭದ್ರೆಯ ದಡದಲ್ಲಿ ಕೂತಾಗ, ‘ಮಂಡಿ ನೋಯ್ತಿದೆಯಾ?’ ಎಂದು ಕೇಳಿದಳು.

‘ಸ್ವಲ್ಪ’ ಎಂದೆ.

ನನ್ನ ನೀರಿನ ಬಾಟಲಿಯನ್ನೂ ತನ್ನ ಸೈಕಲ್ಲಿಗೆ ಸಿಕ್ಕಿಸಿಕೊಂಡು, ‘ವಾಪಸ್ ಹೋಗುವಾಗ ಏರು ಬಂದರೆ ನಾನೇ ಮೊದಲು ಇಳೀತೀನಿ’ ಎಂದಳು.