ತೂಕದಿಂದ ಬೇಸ್ ಬರುವುದಿಲ್ಲ

"ಏನಣ್ಣ, ಇಷ್ಟು ಹಗುರ ಐತೆ, ಇದ್ರಲ್ಲಿ ಬೇಸ್ ಎಲ್ಲಿಂದ ಬತ್ತದೆ?"

ಸಾತನೂರು, ಕಬ್ಬಾಳು, ಕನಕಪುರದ ಕಡೆ ರಸಮಂಜರಿಗೆ ಹೋಗುವ ಬೇಸ್ ಗಿಟಾರ್ ವಾದಕರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಮೈಕ್‌ಸೆಟ್‌ನವರು ಕೇಳುತ್ತಾರೆ, ಗಣಪತಿ ಕೂರಿಸಿದ ಹುಡುಗರು ಕೇಳುತ್ತಾರೆ, ತಂಡದ ಕೀಬೋರ್ಡ್‌ನವರೂ ಕೇಳುತ್ತಾರೆ. ಸ್ಪೀಕರ್ ಕ್ಯಾಬಿನೆಟ್ಟನ್ನು ಒಂದು ಕೈಯಲ್ಲಿ ಎತ್ತಿ, ಕೆಳಗಿಟ್ಟು, ಅಲ್ಲೇ ತೀರ್ಪು ಕೊಟ್ಟುಬಿಡುತ್ತಾರೆ. ಒಂದು ತಂತಿಯನ್ನೂ ಇನ್ನೂ ಮೀಟಿರುವುದಿಲ್ಲ.

ಭಾರವಿದ್ದರೇ ಬೇಸ್ ಎಂಬ ಈ ನಂಬಿಕೆಯ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ. ಇದರಿಂದ ಹಾಳಾಗುವುದು ಹಣ ಮಾತ್ರವಲ್ಲ, ಸೊಂಟ. ಭಾರದ ಪೆಟ್ಟಿಗೆಯನ್ನು ಟಾಟಾ ಏಸ್‌ನಿಂದ ಇಳಿಸಿ, ಗದ್ದೆ ಬದಿಯಲ್ಲಿ ನಡೆದು, ಎದೆಯೆತ್ತರದ ವೇದಿಕೆಗೆ ಏರಿಸಿ, ಕಾರ್ಯಕ್ರಮ ಮುಗಿದ ಮೇಲೆ ಅದನ್ನೇ ಮತ್ತೆ ಹೊತ್ತು ತರಬೇಕು. ಇಪ್ಪತ್ತೈದು ವರ್ಷದ ಹುಡುಗನಿಗೆ ಅದು ಗೊತ್ತಾಗುವುದಿಲ್ಲ, ನಲವತ್ತೈದರವರಿಗೆ ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಗೊತ್ತಾಗುತ್ತದೆ. ಆ ನೋವಿಗೆ ಪ್ರತಿಯಾಗಿ ಒಂದು ಹನಿ ಹೆಚ್ಚು ಬೇಸ್ ಕೂಡ ಸಿಗುವುದಿಲ್ಲ.

ಆಳವಾದ ಸ್ವರ ಹುಟ್ಟುವುದು ಗಾಳಿಯನ್ನು ತಳ್ಳುವುದರಿಂದ. ಎಷ್ಟು ಗಾಳಿ ಎಂಬುದನ್ನು ಸ್ಪೀಕರಿನ ಕೋನಿನ ವಿಸ್ತೀರ್ಣ ಮತ್ತು ಅದು ಹಿಂದೆ ಮುಂದೆ ಚಲಿಸುವ ದೂರ ನಿರ್ಧರಿಸುತ್ತವೆ. ಸ್ವರ ಒಂದು ಸ್ಥಾಯಿ ಕೆಳಗಿಳಿದರೆ ಅದೇ ಸದ್ದಿಗೆ ಕೋನು ನಾಲ್ಕು ಪಟ್ಟು ದೂರ ಚಲಿಸಬೇಕು. ಉಳಿದದ್ದು ಪೆಟ್ಟಿಗೆಯ ಒಳಗಿನ ಜಾಗದ ಲೆಕ್ಕ. ಪ್ರಸಿದ್ಧ ಪಿಯಾನೊ ವಾದಕ ಜೋಸೆಫ್ ಹಾಫ್‌ಮನ್‌ರ ಮಗ, ಕೆಎಲ್‌ಹೆಚ್ ಎಂಬ ಅಮೆರಿಕದ ಸ್ಪೀಕರ್ ಕಂಪನಿಯ ಸ್ಥಾಪಕರಲ್ಲಿ ಒಬ್ಬರಾದ ಆಂಟನ್ ಹಾಫ್‌ಮನ್ ಹೇಳಿದ ನಿಯಮವನ್ನು ಸ್ಪೀಕರ್ ಕಟ್ಟುವವರಿಗೆ ಇಂದಿಗೂ ಮೀರಲಾಗಿಲ್ಲ. ಚಿಕ್ಕ ಪೆಟ್ಟಿಗೆ, ಆಳವಾದ ಸ್ವರ, ಕಡಿಮೆ ವಾಟ್‌ನಲ್ಲೇ ಜೋರು ಸದ್ದು: ಈ ಮೂರರಲ್ಲಿ ಎರಡನ್ನು ಆರಿಸಿಕೊಳ್ಳಬಹುದು, ಮೂರನೆಯದನ್ನು ಬಿಡಬೇಕು. 80 ಹರ್ಟ್ಜ್‌ವರೆಗೆ ಇಳಿಯುವ ಪೆಟ್ಟಿಗೆಯನ್ನು ಅಷ್ಟೇ ದಕ್ಷತೆಯಿಂದ 40ಕ್ಕೆ ಇಳಿಸಬೇಕೆಂದರೆ ಎಂಟು ಪಟ್ಟು ಜಾಗ ಬೇಕು. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ಪ್ರಕಟಿಸಿ, ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ ಬೆಳೆಸಿದ ಲೆಕ್ಕಾಚಾರದಲ್ಲೂ ಪೆಟ್ಟಿಗೆಯ ಘನಗಾತ್ರ ಬರುತ್ತದೆ, ಕೋನಿನ ತೂಕ ಬರುತ್ತದೆ, ಅಯಸ್ಕಾಂತದ ಬಲ ಬರುತ್ತದೆ. ಪೆಟ್ಟಿಗೆಯ ತೂಕ ಎಲ್ಲೂ ಬರುವುದಿಲ್ಲ.

ಹಾಗಾದರೆ ತೂಕ ಎಲ್ಲಿಂದ ಬಂತು? ಮುಖ್ಯವಾಗಿ ಎರಡು ಕಡೆಯಿಂದ. ಒಂದು ಅಯಸ್ಕಾಂತ. ಹಳೆಯ ಸ್ಪೀಕರಿನ ಹಿಂಭಾಗದಲ್ಲಿ ಕಾಣುವ ಕಪ್ಪು ದಪ್ಪ ಉಂಗುರ ಫೆರೈಟ್. ಜಪಾನಿನ ಸುಮಿಟೊಮೊ ಮತ್ತು ಅಮೆರಿಕದ ಜನರಲ್ ಮೋಟಾರ್ಸ್‌ನ ಸಂಶೋಧಕರು 1980ರ ದಶಕದ ಆರಂಭದಲ್ಲಿ ಬೇರೆಬೇರೆಯಾಗಿ ಕಂಡುಹಿಡಿದ ನಿಯೋಡಿಮಿಯಮ್ ಅಯಸ್ಕಾಂತ, ಅಷ್ಟೇ ಗಾತ್ರದ ಫೆರೈಟ್‌ಗಿಂತ ಸುಮಾರು ಹತ್ತು ಪಟ್ಟು ಕಾಂತಶಕ್ತಿಯನ್ನು ಹಿಡಿದಿಡುತ್ತದೆ. ಅಯಸ್ಕಾಂತ ಚಿಕ್ಕದಾದರೆ ಅದರ ಸುತ್ತಲಿನ ಕಬ್ಬಿಣವೂ ಕಡಿಮೆ ಸಾಕು. ಸ್ಪೀಕರಿನ ತೂಕ ಅರ್ಧಕ್ಕೆ, ಕೆಲವೊಮ್ಮೆ ಇನ್ನೂ ಕೆಳಗೆ ಇಳಿಯುತ್ತದೆ. ಕೋನನ್ನು ಅಲ್ಲಾಡಿಸುವ ವಾಯ್ಸ್ ಕಾಯಿಲ್‌ಗೆ ಬೇಕಾದದ್ದು ತಾನಿರುವ ಸಂದಿಯಲ್ಲಿ ಕಾಂತಕ್ಷೇತ್ರ. ಅದನ್ನು ಕೊಟ್ಟದ್ದು ಎರಡು ಕೆ.ಜಿ. ಫೆರೈಟೋ ಇನ್ನೂರು ಗ್ರಾಂ ನಿಯೋಡಿಮಿಯಮ್ಮೋ, ಕಾಯಿಲ್‌ಗೆ ವ್ಯತ್ಯಾಸವಿಲ್ಲ.

ಎರಡನೆಯದು ಹಲಗೆ. ಎಂಡಿಎಫ್ ಘನಮೀಟರಿಗೆ 700 ಕೆ.ಜಿ.ಗೂ ಹೆಚ್ಚು ತೂಗುತ್ತದೆ, ಪಾಪ್ಲರ್ ಪ್ಲೈವುಡ್ 450ರ ಆಸುಪಾಸು. "ತೆಳು ಪ್ಲೈವುಡ್ ಅದುರಲ್ವಾ?" ಎಂದು ಕೇಳುವವರಿದ್ದಾರೆ. ಈ ವಾದದಲ್ಲಿ ತೂಕ ಇರುವ ಪ್ರಶ್ನೆ ಇದೊಂದೇ, ಅದಕ್ಕೆ ಸರಿಯಾದ ಉತ್ತರ ಕೊಡಬೇಕು. ಆಸರೆಯಿಲ್ಲದ ತೆಳು ಹಲಗೆ ಅದುರುತ್ತದೆ, ಅಂಥ ಕಳಪೆ ಕ್ಯಾಬಿನೆಟ್‌ಗಳು ಮಾರುಕಟ್ಟೆಯಲ್ಲಿವೆ. ಆದರೆ ಅದಕ್ಕೆ ಮದ್ದು ದಪ್ಪವಲ್ಲ, ಒಳಗಿನ ಅಡ್ಡಪಟ್ಟಿ. 12 ಮಿ.ಮೀ. ಹಲಗೆಯನ್ನು 18 ಮಿ.ಮೀ. ಮಾಡಿದರೆ ಅದು ಅದುರುವ ಕಂಪನಾಂಕ ಒಂದೂವರೆ ಪಟ್ಟು ಮೇಲೇರುತ್ತದೆ, ತೂಕವೂ ಅಷ್ಟೇ ಏರುತ್ತದೆ. ಅದೇ ಉದ್ದನೆಯ ಹಲಗೆಯ ಅಗಲವನ್ನು ನಡುವೆ ಒಂದು ಪಟ್ಟಿ ಕೂರಿಸಿ ಎರಡು ಭಾಗ ಮಾಡಿದರೆ ಕಂಪನಾಂಕ ಹೆಚ್ಚುಕಡಿಮೆ ನಾಲ್ಕು ಪಟ್ಟು ಏರುತ್ತದೆ, ತೂಕ ಕೂಡುವುದು ಕೆಲವು ನೂರು ಗ್ರಾಂ. ಹಗುರ ಕ್ಯಾಬಿನೆಟ್ಟನ್ನು ಚೆನ್ನಾಗಿ ಕಟ್ಟುವವರು ಮಾಡುವುದು ಇದನ್ನೇ. ಬೆರಳ ಗೆಣ್ಣಿನಿಂದ ಪಕ್ಕದ ಹಲಗೆಯನ್ನು ತಟ್ಟಿ ನೋಡಿ: ಟಕ್ ಎಂದರೆ ಸರಿ, ಡಬ್ಬದಂತೆ ಮೊಳಗಿದರೆ ಬಿಡಿ.

ಇನ್ನು ಕೆಲವರು "ಒಳ್ಳೇ ಭಾರದ ಮರ ಇದ್ರೆ ನಾದ ಬೇರೆ" ಎನ್ನುತ್ತಾರೆ. ಮರ ಮತ್ತು ನಾದದ ಮಾತು ವೀಣೆಗೆ ಸರಿ. ವೀಣೆಯ ಹಲಸಿನ ಮರ ಕಂಪಿಸಬೇಕು, ಅದರ ಕಂಪನವೇ ನಾದ. ಸ್ಪೀಕರ್ ಪೆಟ್ಟಿಗೆಯ ಮರ ಕಂಪಿಸಬಾರದು. ಕಂಪಿಸಿದರೆ ಅದು ದೋಷ.

"ಹಗುರವಾದ ಪೆಟ್ಟಿಗೆಯನ್ನು ಕೋನು ಹಿಂದಕ್ಕೆ ತಳ್ಳುತ್ತದೆ, ಆ ಏಟು ವ್ಯರ್ಥವಾಗುತ್ತದೆ" ಎಂಬ ವಾದ ಕೇಳಲು ವಿಜ್ಞಾನದಂತಿದೆ. ಲೆಕ್ಕ ಹಾಕೋಣ. 12 ಇಂಚಿನ ಸ್ಪೀಕರಿನ ಚಲಿಸುವ ಭಾಗದ ತೂಕ ಸುಮಾರು 60 ಗ್ರಾಂ. ಹಗುರ ಕ್ಯಾಬಿನೆಟ್ 12 ಕೆ.ಜಿ. ಎಂದುಕೊಂಡರೂ ಅದು ಕೋನಿಗಿಂತ ಇನ್ನೂರು ಪಟ್ಟು ಭಾರ. ಕೋನು 5 ಮಿ.ಮೀ. ಚಲಿಸಿದಾಗ ಪೆಟ್ಟಿಗೆ ಅಲುಗುವುದು ಮಿಲಿಮೀಟರಿನ ನಲವತ್ತನೇ ಒಂದು ಭಾಗ. ಇದರಿಂದ ಕಳೆದುಹೋಗುವ ಬೇಸ್ ಯಾವ ಕಿವಿಗೂ ಸಿಗದು. ಪೀಪಾಯಿಯ ಮೇಲೆ ಹಲಗೆ ಹಾಸಿದ ವೇದಿಕೆಯಲ್ಲಿ ಪೆಟ್ಟಿಗೆ ಜರುಗುವುದುಂಟು, ಅದಕ್ಕೆ ರಬ್ಬರ್ ಪಾದ ಸಾಕು.

ನಂಬಿಕೆಗೆ ಒಂದು ಇತಿಹಾಸವಿದೆ ಎಂಬುದನ್ನು ಒಪ್ಪುತ್ತೇನೆ. ಆಂಪೆಗ್ ಕಂಪನಿಯ 300 ವಾಟ್‌ನ ಎಸ್‌ವಿಟಿ ಆಂಪ್ಲಿಫೈಯರ್ 1969ರಲ್ಲಿ ಬಂತು, ರೋಲಿಂಗ್ ಸ್ಟೋನ್ಸ್ ತಂಡ ಅದೇ ವರ್ಷದ ಅಮೆರಿಕ ಪ್ರವಾಸದಲ್ಲಿ ಅದನ್ನು ಬಳಸಿತು. ಬೇಸ್ ಗಿಟಾರನ್ನು ದೊಡ್ಡ ಸಭೆಗೆ ಮುಟ್ಟಿಸುವ ಕೆಲಸ ಆಗ ಬಹುಪಾಲು ವೇದಿಕೆಯ ಮೇಲಿನ ಪೆಟ್ಟಿಗೆಯದೇ ಆಗಿತ್ತು. ಎಸ್‌ವಿಟಿಯ ಜೊತೆಗಿನ ಎಂಟು ಹತ್ತಿಂಚಿನ ಸ್ಪೀಕರುಗಳ ಪೆಟ್ಟಿಗೆಯ ಈಗಿನ ರೂಪವೂ 60 ಕೆ.ಜಿ. ದಾಟುತ್ತದೆ. ನೋಡಿದವರ ಮನಸ್ಸಿನಲ್ಲಿ ಭಾರವೂ ಗುಡುಗೂ ಒಂದಾಗಿಬಿಟ್ಟವು. ಆದರೆ ಆ ಪೆಟ್ಟಿಗೆಯ ಮಾಹಿತಿಪತ್ರವನ್ನು ಓದಿದವರು ಎಷ್ಟು ಜನ? ಅದರ ಸದ್ದು 58 ಹರ್ಟ್ಜ್‌ನಲ್ಲೇ 3 ಡೆಸಿಬಲ್ ಇಳಿದಿರುತ್ತದೆ. ನಾಲ್ಕು ತಂತಿಯ ಬೇಸ್‌ನ ಅತಿ ಕೆಳಗಿನ ಸ್ವರ 41 ಹರ್ಟ್ಜ್. ಜಗತ್ತೇ ಕೊಂಡಾಡುವ ಆ ಭಾರೀ ಪೆಟ್ಟಿಗೆ ತೀರಾ ಆಳಕ್ಕೆ ಇಳಿಯುವುದೇ ಇಲ್ಲ. ನಮಗೆ ಗುಮ್ ಎಂದು ತಟ್ಟುವುದು ಬಹುಪಾಲು 82 ಹರ್ಟ್ಜ್‌ನ ಎರಡನೇ ಹಾರ್ಮೋನಿಕ್ ಸ್ವರ ಮತ್ತು ಅದರ ಮೇಲಿನವು.

ಈಗ ಸಾತನೂರಿನ ಬಯಲಿಗೆ ಬರೋಣ. ಶಾಮಿಯಾನದ ಎರಡು ಕಡೆ ಮೈಕ್‌ಸೆಟ್‌ನವರ ಆಳದ ಸ್ವರಗಳಿಗೆಂದೇ ಇರುವ ಹದಿನೆಂಟು ಇಂಚಿನ ಸಬ್ ಬಾಕ್ಸ್‌ಗಳು ನಿಂತಿರುತ್ತವೆ. ಬೇಸ್ ಗಿಟಾರ್ ಡಿಐ ಬಾಕ್ಸ್ ಮೂಲಕ ಮಿಕ್ಸರ್‌ಗೆ, ಅಲ್ಲಿಂದ ಸಬ್‌ಗಳಿಗೆ ಹೋಗುತ್ತದೆ. ಜನ ಕೇಳುವುದು ಅದನ್ನು. 41 ಹರ್ಟ್ಜ್‌ನ ಅಲೆಯ ಉದ್ದ ಎಂಟು ಮೀಟರ್ ದಾಟುತ್ತದೆ, ಅದು ಸಬ್‌ನಿಂದ ಮುಂದಕ್ಕೆ ಮಾತ್ರ ಹೋಗದೆ ಹಿಂದಕ್ಕೂ ಸುತ್ತಿಕೊಂಡು ವೇದಿಕೆಯನ್ನು ತುಂಬುತ್ತದೆ. ಹಾಗಾಗಿ ವೇದಿಕೆಯ ಮೇಲೆ ಕೊರತೆ ಬೀಳುವುದು ಆಳವಲ್ಲ, ಸ್ಪಷ್ಟತೆ. ಯಾವ ಸ್ವರ ನುಡಿಸುತ್ತಿದ್ದೇವೆ ಎಂಬುದು ವಾದಕರಿಗೂ ಡ್ರಮ್ಸ್‌ನವರಿಗೂ ತಿಳಿಯಬೇಕು. ಅದಕ್ಕೆ 12 ಇಂಚಿನ ಒಂದು ಹಗುರ ಕ್ಯಾಬಿನೆಟ್ ಸಾಕು. ಅಮೆರಿಕದ ಅಗ್ವಿಲಾರ್ ಕಂಪನಿಯ ಎಸ್‌ಎಲ್ 112 ಎಂಬುದು 250 ವಾಟ್ ತಡೆಯುತ್ತದೆ, ತೂಗುವುದು 11 ಕೆ.ಜಿ. ಚಿಲ್ಲರೆ. ಇಟಲಿಯ ಮಾರ್ಕ್‌ಬೇಸ್, ಇಂಗ್ಲೆಂಡಿನ ಬೇರ್‌ಫೇಸ್ಡ್ ಕಂಪನಿಗಳ ಹೆಸರು ನಿಂತಿರುವುದೂ ಇಂಥ ಹಗುರ ಪೆಟ್ಟಿಗೆಗಳ ಮೇಲೆಯೇ. ಪೆಟ್ಟಿಗೆಯನ್ನು ಮೊಣಕಾಲಿಗೆ ನುಡಿಸುವಂತೆ ಇಡದೆ, ಕಿವಿಯ ಕಡೆಗೆ ವಾಲಿಸಿ ಇಡಿ. ಅರ್ಧ ಸಮಸ್ಯೆ ಅಲ್ಲೇ ತೀರುತ್ತದೆ.

ಸಬ್ ಇಲ್ಲದ ಕಡೆ ನುಡಿಸಬೇಕೆಂದರೆ ಅಂಥವೇ ಎರಡು ಕೊಳ್ಳಿ, ಒಂದರ ಮೇಲೊಂದು ನಿಲ್ಲಿಸಿ. ಆಂಪ್ ಎರಡೂ ಸೇರಿದಾಗಿನ ಓಮ್‌ಗೆ ಒಪ್ಪುವುದಾದರೆ ಒಂದಕ್ಕಿಂತ 6 ಡೆಸಿಬಲ್‌ವರೆಗೆ ಹೆಚ್ಚು ಸದ್ದು ಸಿಗುತ್ತದೆ, ಮೇಲಿನದು ಕಿವಿಯ ಹತ್ತಿರ ಬರುತ್ತದೆ. ಛತ್ರದ ಸುಗಮ ಸಂಗೀತಕ್ಕೆ ಒಂದು, ಬಯಲಿಗೆ ಎರಡು, ಎರಡು ಕೈಗೆ ಎರಡು ಪೆಟ್ಟಿಗೆ.

ಉಳಿದ ತಪ್ಪು ಕಲ್ಪನೆಗಳಿಗೆ ಒಂದೊಂದು ಮಾತು ಸಾಕು.

ಹದಿನೈದು ಇಂಚಿನದು ಹತ್ತಿಂಚಿನದಕ್ಕಿಂತ ಆಳ ಎಂಬುದು: ನಾಲ್ಕು ಹತ್ತಿಂಚಿನ ಕೋನುಗಳ ಒಟ್ಟು ವಿಸ್ತೀರ್ಣ ಸುಮಾರು 1400 ಚದರ ಸೆಂ.ಮೀ., ಒಂದು ಹದಿನೈದರದ್ದು 860ರ ಹತ್ತಿರ. ಇಂಚಿನ ಸಂಖ್ಯೆಯೊಂದರಿಂದಲೇ ಆಳ ತಿಳಿಯುವುದಿಲ್ಲ.

ವಾಟ್ ಇಮ್ಮಡಿಯಾದರೆ ಸದ್ದು ಇಮ್ಮಡಿ ಎಂಬುದು: ಹೆಚ್ಚುವುದು 3 ಡೆಸಿಬಲ್ ಮಾತ್ರ, ಕಿವಿಗೆ ಇಮ್ಮಡಿ ಅನ್ನಿಸಲು ಸುಮಾರು ಹತ್ತು ಪಟ್ಟು ವಾಟ್ ಬೇಕು. ಸೂಕ್ಷ್ಮತೆ (ಒಂದು ವಾಟ್‌ಗೆ ಕೊಡುವ ಸದ್ದು) 100 ಡೆಸಿಬಲ್ ಇರುವ ಪೆಟ್ಟಿಗೆಗೆ 300 ವಾಟ್ ಕೊಡುವುದೂ 97 ಇರುವುದಕ್ಕೆ 600 ಕೊಡುವುದೂ ಒಂದೇ.

ಬೇಸ್ ಮೂವತ್ತಡಿ ದೂರ ಹೋದ ಮೇಲೇ ಅರಳುತ್ತದೆ ಎಂಬುದು: ಇಡೀ ಅಲೆ ಹಿಡಿಯದ ಹೆಡ್‌ಫೋನಿನಲ್ಲೂ ಅದು ಕೇಳುತ್ತದಲ್ಲ.

ಬಿಸಿಲಿಗೆ ನಿಯೋಡಿಮಿಯಮ್ ಸತ್ತುಹೋಗುತ್ತದೆ ಎಂಬುದು: ಸಾಮಾನ್ಯ ದರ್ಜೆಯದೂ 80 ಡಿಗ್ರಿವರೆಗೆ ತಡೆಯುತ್ತದೆ, ಮೇಲಿನ ದರ್ಜೆಯವು ಇನ್ನೂ ಹೆಚ್ಚು. ನಮ್ಮ ಏಪ್ರಿಲ್ ಬಿಸಿಲು ಅದನ್ನು ಕೊಲ್ಲುವುದಿಲ್ಲ.

ಎಷ್ಟು ಪೆಟ್ಟಿಗೆ ಸೇರಿಸಿದರೂ ಆಂಪ್‌ಗೆ ಏನೂ ಆಗದು ಎಂಬುದು: 8 ಓಮ್‌ನ ಎರಡು ಸೇರಿದರೆ 4, 4 ಓಮ್‌ನ ಎರಡು ಸೇರಿದರೆ 2. ಆಂಪಿನ ಹಿಂದೆ ಬರೆದಿರುವ ಕನಿಷ್ಠ ಓಮ್‌ಗಿಂತ ಕೆಳಗೆ ಇಳಿದರೆ ಆಂಪ್ ಸುಟ್ಟುಹೋಗಬಹುದು.

ನನ್ನ ಅಸಮಾಧಾನ ಬೇಸ್ ಕ್ಯಾಬಿನೆಟ್ಟಿಗೆ ನಿಲ್ಲುವುದಿಲ್ಲ. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ರೇಷ್ಮೆಗೂಡಿಗೆ ಬೆಲೆ ಕಟ್ಟುವುದು ಕೆ.ಜಿ. ಲೆಕ್ಕದಲ್ಲಿ. ಆದರೂ ಅಲ್ಲಿನ ರೀಲರ್ ಗೂಡನ್ನು ಅದುಮಿ, ಅಲ್ಲಾಡಿಸಿ, ಎಷ್ಟು ನೂಲು ಬಿಟ್ಟೀತು ಎಂದು ಅಂದಾಜು ಮಾಡದೆ ಬೆಲೆ ಹೇಳುವುದಿಲ್ಲ. ಅಷ್ಟು ಹುಷಾರಿನ ನಾಡಿನಲ್ಲೇ, ತಂತಿ ಮತ್ತು ಪ್ಲಗ್ ಇರುವ ವಸ್ತು ಎದುರಿಗೆ ಬಂದ ಕೂಡಲೇ ವಿವೇಕ ಎಲ್ಲಿಗೆ ಹೋಗುತ್ತದೆ? ಪಿಎಂಪಿಒ ಎಂಬ ಲೆಕ್ಕದಲ್ಲಿ ಸಾವಿರಾರು ವಾಟ್ ಎಂದು ಡಬ್ಬಿಯ ಮೇಲೆ ಅಚ್ಚು ಹಾಕಿ ಮಾರಿದ ಹೋಮ್ ಥಿಯೇಟರ್‌ಗಳನ್ನು ನಮ್ಮ ಮನೆಮನೆಗಳಲ್ಲಿ ಕೊಂಡರು. ಆ ಅಳತೆಗೆ ಎಲ್ಲರೂ ಒಪ್ಪಿದ ವ್ಯಾಖ್ಯೆಯೇ ಇಲ್ಲ. ಗೋಡೆಯ ಪ್ಲಗ್ಗಿನಿಂದ 40 ವಾಟ್ ಎಳೆಯುವ ಯಂತ್ರ ಸಾವಿರ ವಾಟ್ ಎಲ್ಲಿಂದ ಕೊಟ್ಟೀತು ಎಂದು ಹಿಂದಿನ ಚೀಟಿ ನೋಡಿ ಕೇಳಿದವರು ಕಡಿಮೆ. ಭಾರ, ದೊಡ್ಡ ಸಂಖ್ಯೆ, ಫಾರಿನ್ ಹೆಸರು: ಈ ಮೂರನ್ನು ತೋರಿಸಿದರೆ ನಾವು ಜೇಬು ತೆಗೆಯುತ್ತೇವೆ ಎಂಬುದು ಮಾರುವವರಿಗೆ ಗೊತ್ತು. ಹಬ್ಬದ ವೇದಿಕೆಗಳಲ್ಲಿ ವರ್ಷದಿಂದ ವರ್ಷಕ್ಕೆ ಬಾಕ್ಸ್‌ಗಳ ಗೋಡೆ ಎತ್ತರವಾಗುತ್ತಿರುವುದಕ್ಕೂ ಇದೇ ಕಾರಣ. ಬಾಕ್ಸ್ ಎಣಿಸಿ ಕಾರ್ಯಕ್ರಮದ ಗತ್ತು ಅಳೆಯುವವರಿಗೆ ಗಾಯಕರ ಮಾತು ಕೇಳಿಸುತ್ತಿದೆಯೇ ಎಂಬ ಯೋಚನೆ ಬರುವುದಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ ಹತ್ತರ ನಂತರ ಬಯಲಲ್ಲಿ ಧ್ವನಿವರ್ಧಕವನ್ನು ನಿಷೇಧಿಸಿವೆ, ಸರ್ಕಾರ ವಿನಾಯಿತಿ ಕೊಡುವ ವರ್ಷದ ಕೆಲವೇ ದಿನ ಮಾತ್ರ ಹನ್ನೆರಡರವರೆಗೆ ಅವಕಾಶ. ಸಿಗುವ ಅಷ್ಟು ಹೊತ್ತಿನಲ್ಲಿ ಜನಕ್ಕೆ ಬೇಕಾದದ್ದು ಕೇಳಿ ಸುಖಪಡುವಂಥ ಹಾಡು, ಎದೆ ನಡುಗಿಸುವ ಗದ್ದಲವಲ್ಲ.

ಕೊಳ್ಳಲು ಹೋದಾಗ ಅಂಗಡಿಯವರನ್ನು ನಾಲ್ಕು ಪ್ರಶ್ನೆ ಕೇಳಿ: ಸೂಕ್ಷ್ಮತೆ ಎಷ್ಟು ಡೆಸಿಬಲ್, 3 ಡೆಸಿಬಲ್ ಇಳಿಯುವುದು ಎಷ್ಟು ಹರ್ಟ್ಜ್‌ಗೆ, ಎಷ್ಟು ಓಮ್, ಒಳಗೆ ಅಡ್ಡಪಟ್ಟಿ ಇದೆಯೇ. ಆಮೇಲೆ ನಿಮ್ಮದೇ ಬೇಸ್, ನಿಮ್ಮದೇ ಆಂಪ್ ಇಟ್ಟು ಒಂದೇ ಗಾತ್ರದ ಹಗುರದ್ದನ್ನೂ ಭಾರದ್ದನ್ನೂ ಅಕ್ಕಪಕ್ಕ ಕೇಳಿ. ಎರಡರ ಸದ್ದನ್ನೂ ಸಮ ಮಾಡಿಕೊಳ್ಳುವುದನ್ನು ಮರೆಯಬೇಡಿ, ಜೋರಾಗಿರುವುದು ಯಾವಾಗಲೂ ಉತ್ತಮ ಅನ್ನಿಸುತ್ತದೆ. ನೀವು ಬೆನ್ನು ತಿರುಗಿಸಿ ನಿಲ್ಲಿ, ಗೆಳೆಯರೊಬ್ಬರು ವೈರ್ ಬದಲಿಸಲಿ. ಯಾವುದು ಚೆನ್ನ ಎಂದು ಕಿವಿ ಹೇಳಿದ ಮೇಲೆ ಎತ್ತಿ ನೋಡಿ, ಅದಕ್ಕೆ ಮುಂಚೆ ಬೇಡ.